ಒತ್ತಕ್ಷರಕ್ಕೆ ಜಾಗವಿಲ್ಲದ ಪರದೆ

ಬೆಂಗ್ರೆಯಿಂದ ಮಂಗಳೂರಿನ ಬಂದರಿಗೆ ದೋಣಿಯಲ್ಲಿ ಕೆಲವೇ ನಿಮಿಷದ ದಾರಿ. ಪಡುವಣದಲ್ಲಿ ಅರಬ್ಬೀ ಸಮುದ್ರ, ಮೂಡಣದಲ್ಲಿ ಫಲ್ಗುಣಿ, ತೆಂಕುತುದಿಯಲ್ಲಿ ನೇತ್ರಾವತಿಯೂ ಬಂದು ಕೂಡುವ ಅಳಿವೆ. ಈ ಮರಳುಪಟ್ಟಿಯ ಮೀನುಗಾರ ಕುಟುಂಬಗಳಿಗೆ ಬ್ಯಾಂಕಿನ ಕೆಲಸವೆಂದರೆ ಹೊಳೆಯಾಚೆಯ ಪೇಟೆಯ ಕೆಲಸ. ಆ ಪೇಟೆಗಾದರೋ ಬ್ಯಾಂಕು ಹೊಸದಲ್ಲ. 1906ರಲ್ಲಿ ಕೆನರಾ ಬ್ಯಾಂಕ್‌, 1924ರಲ್ಲಿ ಕರ್ಣಾಟಕ ಬ್ಯಾಂಕ್‌, 1931ರಲ್ಲಿ ವಿಜಯಾ ಬ್ಯಾಂಕ್‌ ಹುಟ್ಟಿದ್ದು ಮಂಗಳೂರಿನಲ್ಲಿ. 1906ರ ಕಾರ್ಪೊರೇಷನ್‌ ಬ್ಯಾಂಕ್‌, 1925ರ ಸಿಂಡಿಕೇಟ್‌ ಬ್ಯಾಂಕ್‌ ಎರಡೂ ಉಡುಪಿಯವು. ಕರಾವಳಿಯ ಸಾಮಾನ್ಯ ಜನ ಯೂನಿಕ್ಸ್‌ ಎಂಬ ಕಾರ್ಯಾಚರಣ ವ್ಯವಸ್ಥೆಯ ಯಂತ್ರವನ್ನು ಮೊದಲ ಸಲ ಕಂಡದ್ದು ಇಂಥ ಬ್ಯಾಂಕುಗಳ ಕೌಂಟರಿನ ಹಿಂದೆ. ಅದರ ಹೆಸರು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಪಕ್ಕದಲ್ಲಿ ಕಿರುಗುಟ್ಟುವ ಡಾಟ್‌ ಮ್ಯಾಟ್ರಿಕ್ಸ್‌ ಪ್ರಿಂಟರ್‌. ಅಷ್ಟೇ ಅವರು ಕಂಡ ಕಂಪ್ಯೂಟರ್‌.

ಅದು ಅಲ್ಲಿಗೆ ಬಂದ ಬಗೆ ಹೀಗೆ. ಕೆಲಸ ಹೋದೀತೆಂಬ ಭಯದಿಂದ ಬ್ಯಾಂಕ್‌ ನೌಕರರ ಸಂಘಗಳು ಗಣಕೀಕರಣವನ್ನು ಬಹುಕಾಲ ವಿರೋಧಿಸಿದ್ದವು. 1983ರಲ್ಲಿ ಬ್ಯಾಂಕುಗಳಿಗೂ ಸಂಘಗಳಿಗೂ ಸೀಮಿತ ಬಳಕೆಯ ಒಪ್ಪಂದವಾಯಿತು. 1984ರಲ್ಲಿ ಸಿ. ರಂಗರಾಜನ್‌ ಅಧ್ಯಕ್ಷತೆಯ ರಿಸರ್ವ್‌ ಬ್ಯಾಂಕ್‌ ಸಮಿತಿ ಶಾಖೆಗಳ ಯಾಂತ್ರೀಕರಣಕ್ಕೆ ದಾರಿ ಹಾಕಿಕೊಟ್ಟಿತು. ಲೆಡ್ಜರ್‌ ಬರೆಯುವ ಯಂತ್ರಗಳು ಬಂದವು, ಅವುಗಳ ಬೆನ್ನಿಗೇ ಯೂನಿಕ್ಸ್‌ ಬಂತು. ಬ್ಯಾಂಕುಗಳಿಗೆ ಅದು ಹಿಡಿಸಿದ್ದಕ್ಕೆ ಕಾರಣ ಸರಳ: ಒಂದೇ ಯಂತ್ರಕ್ಕೆ ತಂತಿ ಎಳೆದು ಹಲವು ಟರ್ಮಿನಲ್‌ ಜೋಡಿಸಬಹುದು, ಹಲವು ಗುಮಾಸ್ತರು ಒಟ್ಟಿಗೆ ಕೆಲಸ ಮಾಡಬಹುದು, ಯಂತ್ರ ಯಾವ ಕಂಪನಿಯದಾದರೂ ತಂತ್ರಾಂಶ ಹೆಚ್ಚುಕಡಿಮೆ ಅದೇ. ಬೆಂಗಳೂರಿನ ವಿಪ್ರೊ, ಉತ್ತರದ ಎಚ್‌ಸಿಎಲ್‌ ತಾವೇ ಯಂತ್ರ ಕಟ್ಟಿ ಮಾರಿದವು. ಮುಂದೆ ಇನ್ಫೋಸಿಸ್‌ನ ಬ್ಯಾಂಕ್ಸ್‌ 2000, ಆಮೇಲೆ ಫಿನಾಕಲ್‌ ಬೆಳೆದು ನಿಂತದ್ದೂ ಬ್ಯಾಂಕುಗಳು ಹದಮಾಡಿಟ್ಟ ಈ ನೆಲದಲ್ಲೇ.

ಆದರೆ ಆ ಹಸಿರು ಪರದೆಯಲ್ಲಿ ಕನ್ನಡ ಇರಲಿಲ್ಲ. ತಪ್ಪನ್ನು ಯಾರದೋ ಉದಾಸೀನಕ್ಕೆ ಕಟ್ಟಿ ಮುಗಿಸುವುದು ಸುಲಭ; ನಿಜವಾದ ತೊಡಕು ಪರದೆಯ ರಚನೆಯಲ್ಲೇ ಇತ್ತು. ನಾನು ಈ ಲೇಖನದಲ್ಲಿ ಹೇಳಹೊರಟದ್ದು ಇದನ್ನೇ. ಗ್ರಾಫಿಕ್ಸ್‌ ಎನ್ನುವುದು ಇಂಗ್ಲಿಷಿನವರಿಗೆ ಸೊಗಸಾಗಿ ಬಂತು, ನಮಗೆ ಅಕ್ಷರವಾಗಿ ಬಂತು. ಇಲಿ, ಕಿಟಕಿ, ಚಿತ್ರಗಳಿಲ್ಲದೆ ಇಂಗ್ಲಿಷಿನಲ್ಲಿ ಲೆಕ್ಕ ಬರೆಯಬಹುದಿತ್ತು. ಚುಕ್ಕಿಚುಕ್ಕಿಯಾಗಿ ಬಿಡಿಸುವ ಪರದೆ ಇಲ್ಲದೆ ಕನ್ನಡದಲ್ಲಿ ಒಬ್ಬನ ಹೆಸರನ್ನೂ ನೆಟ್ಟಗೆ ಬರೆಯುವಂತಿರಲಿಲ್ಲ.

‘ಲಕ್ಷ್ಮಣ’ ಎಂಬ ಹೆಸರನ್ನೇ ನೋಡಿ. ನಮ್ಮ ಕಡೆ ಮನೆಗೊಬ್ಬರು ಇರುವ ಹೆಸರು. ಆ ಕಾಲದ ಟರ್ಮಿನಲ್‌ ಒಂದು ಸಾಲಿಗೆ 80 ಮನೆಗಳಂತೆ 24 ಸಾಲು ತೋರಿಸುತ್ತಿತ್ತು. ಒಂದು ಮನೆಗೆ ಒಂದು ಅಕ್ಷರ, ಎಲ್ಲ ಮನೆಗಳೂ ಒಂದೇ ಅಗಲ, ಒಂದೇ ಎತ್ತರ. ಲ ಕೂತೀತು, ಣ ಕೂತೀತು. ನಡುವಿನ ‘ಕ್ಷ್ಮ’ದಲ್ಲಿ ಕ ಮತ್ತು ಷ ಬೆಸೆದು ಬೇರೆಯೇ ಆಕಾರ ತಾಳುತ್ತವೆ, ಅದರ ಕೆಳಗೆ ಮ ಒತ್ತಾಗಿ ಕೂರಬೇಕು. ಅದು ಕೆಳಗಿನ ಸಾಲಿನ ಮನೆಗೆ ಕಾಲು ಚಾಚುತ್ತದೆ. ‘ಸ್ತ್ರೀ’ ಬರೆದರೆ ಅಡ್ಡಕ್ಕೂ ಉದ್ದಕ್ಕೂ ಎರಡೂ ಕಡೆ ಜಾಗ ಬೇಕು. ಅರ್ಕಾವತ್ತು ಉಚ್ಚಾರದಲ್ಲಿ ಮೊದಲು, ಬರವಣಿಗೆಯಲ್ಲಿ ಕೊನೆಗೆ. ಮನೆ ಎಣಿಸಿ ಅಕ್ಷರ ಕೂರಿಸುವ ಯಂತ್ರಕ್ಕೆ ಇವು ಯಾವುವೂ ಅರ್ಥವಾಗುವ ಸಂಗತಿಗಳಲ್ಲ.

ಹಾಗಾದರೆ ಚುಕ್ಕಿಯ ಪರದೆಯನ್ನೇ ಏಕೆ ಕೊಡಲಿಲ್ಲ? ಲೆಕ್ಕ ನೋಡಿ. 80 ಮನೆ, 24 ಸಾಲಿನ ಪರದೆಯನ್ನು ನೆನಪಿನಲ್ಲಿಡಲು ಯಂತ್ರಕ್ಕೆ 1,920 ಬೈಟ್‌ ಸಾಕು. ಅಡ್ಡ 720, ಉದ್ದ 348 ಚುಕ್ಕಿಗಳ ಕಪ್ಪುಬಿಳುಪಿನ ಪರದೆಗೆ 31,320 ಬೈಟ್‌ ಬೇಕು, ಸುಮಾರು ಹದಿನಾರು ಪಟ್ಟು. ಮೆಮೊರಿಗೆ ಚಿನ್ನದ ಬೆಲೆ ಇದ್ದ ಕಾಲದಲ್ಲಿ ಪ್ರತಿ ಕೌಂಟರಿಗೂ ಇಂಥದೊಂದು ಪರದೆ ಕೊಡುವ ಮಾತೇ ಇರಲಿಲ್ಲ.

720 ಮತ್ತು 348 ಎಂಬ ಅಂಕಿಗಳನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. 1985ರಲ್ಲಿ ಅಮೆರಿಕದ ಎಟಿ ಅಂಡ್‌ ಟಿ ಕಂಪನಿ ಮಾರುಕಟ್ಟೆಗೆ ತಂದ ‘ಯೂನಿಕ್ಸ್‌ ಪಿಸಿ’ಯ ಪರದೆಯ ಅಳತೆ ಅದು. ಯೂನಿಕ್ಸ್‌ ಹುಟ್ಟಿದ್ದೇ ಎಟಿ ಅಂಡ್‌ ಟಿಯ ಬೆಲ್‌ ಲ್ಯಾಬ್ಸ್‌ನಲ್ಲಿ, 1969ರಲ್ಲಿ, ಕೆನ್‌ ಥಾಮ್ಸನ್‌ ಮತ್ತು ಡೆನಿಸ್‌ ರಿಚಿ ಕೈಯಲ್ಲಿ. ಹದಿನಾರು ವರ್ಷಗಳ ಮೇಲೆ ಅದೇ ಕಂಪನಿ ಅದನ್ನು ಒಬ್ಬನೇ ಮೇಜಿನ ಮೇಲಿಟ್ಟುಕೊಳ್ಳುವ ಯಂತ್ರಕ್ಕೆ ಇಳಿಸಿತು. ಯಂತ್ರವನ್ನು ಮಾಡಿಕೊಟ್ಟದ್ದು ಕನ್ವರ್ಜೆಂಟ್‌ ಟೆಕ್ನಾಲಜೀಸ್‌. ಒಳಗೆ 10 ಮೆಗಾಹರ್ಟ್ಸ್‌ ವೇಗದ ಮೋಟೊರೋಲ 68010 ಚಿಪ್‌, ಅರ್ಧ ಮೆಗಾಬೈಟಿನಿಂದ ಶುರುವಾಗುವ ಮೆಮೊರಿ, ಮೂರು ಗುಂಡಿಯ ಮೌಸ್‌, ದೂರವಾಣಿ ತಂತಿಗೆ ಜೋಡಿಸುವ ಮೋಡೆಮ್‌, ಮತ್ತು 10 ಮೆಗಾಬೈಟಿನ ಹಾರ್ಡ್‌ ಡಿಸ್ಕ್‌. ಕಿಟಕಿಗಳನ್ನು ಬಿಡಿಸುವ ತಂತ್ರಾಂಶ ಯಂತ್ರದ ಜೊತೆಗೇ ಬರುತ್ತಿತ್ತು. ಬೆಲ್‌ಕೋರ್‌ನ ಸ್ಟೀಫನ್‌ ಯೂಲರ್‌ ಬರೆದ ಎಂಜಿಆರ್‌ ಎಂಬ ಪುಟ್ಟ ಕಿಟಕಿ ವ್ಯವಸ್ಥೆಯನ್ನೂ ಜನ ಅದರ ಮೇಲೆ ಓಡಿಸಿದರು. ಮಾರಾಟದಲ್ಲಿ ಅದು ಸೋತಿತು. ಆದರೂ ಸಾಮಾನ್ಯರ ಮೇಜಿನ ಮೇಲೆ ಯೂನಿಕ್ಸ್‌ ಮತ್ತು ಚಿತ್ರ ಎರಡೂ ಕೂಡಬಹುದು ಎಂಬುದಕ್ಕೆ ಆ ಯಂತ್ರ ಸಾಕ್ಷಿ.

ಅದರ ಡಿಸ್ಕಿನ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಡಿಸ್ಕಿನೊಳಗೆ ತಿರುಗುವ ತಟ್ಟೆಗಳು, ತಟ್ಟೆಯ ಪ್ರತಿ ಮುಖಕ್ಕೂ ಓದುವ ಒಂದು ತಲೆ, ಮುಖದ ಮೇಲೆ ಒಂದರೊಳಗೊಂದು ವರ್ತುಲಗಳು. ಎಲ್ಲ ಮುಖಗಳ ಒಂದೇ ಅಳತೆಯ ವರ್ತುಲಗಳನ್ನು ಸೇರಿಸಿ ಸಿಲಿಂಡರ್‌ ಎನ್ನುತ್ತಾರೆ. ಯೂನಿಕ್ಸ್‌ ಪಿಸಿಯ ಡಿಸ್ಕನ್ನು ನಡೆಸುತ್ತಿದ್ದ ಡಬ್ಲ್ಯುಡಿ 1010 ಎಂಬ ಚಿಪ್‌ ಸಿಲಿಂಡರನ್ನು ಹತ್ತು ಬಿಟ್‌ಗಳಲ್ಲಿ ಎಣಿಸುತ್ತಿತ್ತು. ಹತ್ತು ಬಿಟ್‌ ಎಂದರೆ 1,024; ಅದರಾಚೆಗೆ ಡಿಸ್ಕ್‌ ಇದ್ದರೂ ಚಿಪ್ಪಿಗೆ ಕಾಣದು. 1,024 ಸಿಲಿಂಡರ್‌, 8 ತಲೆ, ವರ್ತುಲಕ್ಕೆ 16 ತುಂಡು, ತುಂಡಿಗೆ 512 ಬೈಟ್‌: ಗುಣಿಸಿದರೆ ಸುಮಾರು 67 ಮೆಗಾಬೈಟ್‌. ಯಂತ್ರದ ದೊಡ್ಡ ಮಾದರಿಯ ಜೊತೆ ಬಂದ ಡಿಸ್ಕೂ ಸರಿಯಾಗಿ ಅಷ್ಟೇ. ಹೆಚ್ಚು ಜಾಗ ಬೇಕಾದವರು ಆ ಚಿಪ್ಪನ್ನು ಕಿತ್ತು, ಅದೇ ಕಾಲುಗಳ ಡಬ್ಲ್ಯುಡಿ 2010 ಕೂರಿಸುತ್ತಿದ್ದರು. ಅದರ ಎಣಿಕೆ 2,048ರವರೆಗೆ.

ಈ 1,024 ಎಂಬ ಗೋಡೆ ಹತ್ತು ವರ್ಷಗಳ ಮೇಲೆ ನಮ್ಮೂರಿನ ಮನೆಗಳಿಗೂ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಇತ್ತ ಕನ್ನಡವನ್ನು ಅಕ್ಷರಗಳ ಟರ್ಮಿನಲ್ಲಿಗೇ ಹೇಗಾದರೂ ತರಬೇಕೆಂದು ಹೊರಟವರಿದ್ದರು. ಐಐಟಿ ಕಾನ್ಪುರದಲ್ಲಿ ಆರ್‌.ಎಂ.ಕೆ. ಸಿನ್ಹಾ, ಮೋಹನ್‌ ತಾಂಬೆ ಮತ್ತು ಸಂಗಡಿಗರು ಭಾರತೀಯ ಲಿಪಿಗಳ ಟರ್ಮಿನಲ್‌ ಮಾಡಿದರು. ಆ ತಂತ್ರ ಪುಣೆಯ ಸಿ-ಡ್ಯಾಕ್‌ ಸೇರಿ ‘ಜಿಸ್ಟ್‌’ ಎಂದು ಹೆಸರಾಯಿತು. ಯೂನಿಕ್ಸ್‌ ಯಂತ್ರ ಎಂದಿನ ಹಾಗೆ ಸಂಕೇತಗಳನ್ನು ಕಳಿಸುತ್ತದೆ. ಟರ್ಮಿನಲ್ಲೇ ಅವನ್ನು ಓದಿ, ಯಾವ ಅಕ್ಷರಕ್ಕೆ ಯಾವ ಒತ್ತು ಎಂದು ಲೆಕ್ಕ ಹಾಕಿ, ಚುಕ್ಕಿಗಳಲ್ಲಿ ಬಿಡಿಸುತ್ತದೆ. ಚಿತ್ರ ಬಿಡಿಸುವ ಕೆಲಸವನ್ನು ದೊಡ್ಡ ಯಂತ್ರದಿಂದ ಇಳಿಸಿ ಪರದೆಯ ಪೆಟ್ಟಿಗೆಗೆ ಒಪ್ಪಿಸಿದ ಜಾಣತನ ಇದು. ಇದರ ಜೊತೆಗೆ ಬೆಳೆದ ಇಸ್ಕಿ ಎಂಬ ಸಂಕೇತಮಾಲೆ 1991ರಲ್ಲಿ ಭಾರತೀಯ ಮಾನಕವಾಯಿತು. ಅದರಲ್ಲಿ ‘ಲಕ್ಷ್ಮಣ’ ಎಂದರೆ ಏಳು ಬೈಟ್‌: ಲ, ಕ, ಹಲಂತ, ಷ, ಹಲಂತ, ಮ, ಣ. ಆಕಾರ ಹೇಗೇ ಇರಲಿ, ಡಿಸ್ಕಿನಲ್ಲಿ ಕೂರುವುದು ಉಚ್ಚಾರದ ಕ್ರಮ. ಕನ್ನಡ ಗಣಕದಲ್ಲಿ ಆದ ನಿರ್ಣಾಯಕ ಕೆಲಸಗಳನ್ನು ಹೆಸರಿಸು ಎಂದರೆ ನಾನು ಇದನ್ನು ಮೊದಲಿಗೇ ಹೇಳುತ್ತೇನೆ. ಕಾಣುವ ರೂಪ ಬೇರೆ, ಕಾದಿಡುವ ರೂಪ ಬೇರೆ ಎಂಬ ವಿವೇಕ ಅದರಲ್ಲಿತ್ತು.

ಅದೇ ವಿವೇಕ ಇನ್ನೊಂದು ದಾರಿಯಲ್ಲಿ ಮಂಗಳೂರಿನ ನೆರೆಯ ಕಿನ್ನಿಕಂಬಳದ ಕೆ.ಪಿ. ರಾವ್‌ ಅವರಿಗೂ ಹೊಳೆದಿತ್ತು. ಮುದ್ರಣದ ಅಕ್ಷರಜೋಡಣೆಯ ಯಂತ್ರಗಳಲ್ಲಿ ಪಳಗಿದ್ದ ಅವರು ಇಂಗ್ಲಿಷ್‌ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡ ಮೂಡಿಸುವ ವಿನ್ಯಾಸ ಕೊಟ್ಟರು. ‘ಲಕ್ಷ್ಮಣ’ಕ್ಕೆ ಅಲ್ಲೂ ಏಳೇ ಒತ್ತು, ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್‌ ಕೀಲಿ. ತಮ್ಮ ಕನ್ನಡ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಜನರಿಗೆ ಪುಕ್ಕಟೆ ಕೊಟ್ಟರು. ‘ನುಡಿ’ ತಂತ್ರಾಂಶ ಬಳಸುವವರ ಬೆರಳು ಇಂದಿಗೂ ಓಡುವುದು ಅವರು ಹಾಕಿದ ದಾರಿಯಲ್ಲೇ.

ಮನೆಯ ಸಾಧಾರಣ ಪಿಸಿಗೆ ಯೂನಿಕ್ಸ್‌ನ ವಂಶದ ಕುಡಿ ಬಂದದ್ದು ಲಿನಕ್ಸ್‌ ರೂಪದಲ್ಲಿ. 1991ರಲ್ಲಿ ಲಿನಸ್‌ ಟೊರ್ವಾಲ್ಡ್ಸ್‌ ಹೊರಬಿಟ್ಟ ಅದನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ ಸೌಕರ್ಯ ಇಲ್ಲಿ ಯಾರಿಗಿತ್ತು? 1990ರ ದಶಕದ ನಡುವಿನಿಂದ ‘ಪಿಸಿ ಕ್ವೆಸ್ಟ್‌’ ಪತ್ರಿಕೆ ಸಂಚಿಕೆಯ ಜೊತೆಗೇ ಲಿನಕ್ಸ್‌ ಸಿಡಿ ಹಂಚತೊಡಗಿತು. ಒಬ್ಬರು ಕೊಂಡ ಸಿಡಿ ಹತ್ತು ಮನೆ ಸುತ್ತುತ್ತಿತ್ತು. ಸುರತ್ಕಲ್‌, ಮಣಿಪಾಲ, ಮಂಗಳೂರು ಎಂದು ಇಂಜಿನಿಯರಿಂಗ್‌ ಕಲಿಯುತ್ತಿದ್ದ ಒಂದು ಇಡೀ ತಲೆಮಾರಿಗೆ ಯೂನಿಕ್ಸ್‌ ಕೈಗೆ ಸಿಕ್ಕಿದ್ದು ಹೀಗೆ.

ಹಾಕಿಕೊಳ್ಳುವುದು ಮಾತ್ರ ಸಲೀಸಾಗಿರಲಿಲ್ಲ. ಲಿನಕ್ಸನ್ನು ಎಬ್ಬಿಸುವ ‘ಲಿಲೊ’ ಎಂಬ ತುಣುಕು ಪಿಸಿಯ ಬಯೋಸನ್ನು ನಂಬಿತ್ತು, ಬಯೋಸ್‌ ಸಿಲಿಂಡರನ್ನು ಎಣಿಸುತ್ತಿದ್ದುದೂ ಹತ್ತೇ ಬಿಟ್‌ಗಳಲ್ಲಿ. ಡಿಸ್ಕ್‌ ದೊಡ್ಡದಾಗಿ, ಲಿನಕ್ಸಿನ ಕರ್ನೆಲ್‌ 1,024ನೆಯ ಸಿಲಿಂಡರಿನಾಚೆ ಬಿದ್ದರೆ ಮುಗಿಯಿತು, ಯಂತ್ರ ಏಳದು. ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ಎಲ್‌, ಐ ಎಂಬ ಎರಡಕ್ಷರ ಮೂಡಿ ಅಲ್ಲಿಗೇ ನಿಲ್ಲುವುದನ್ನು ಕಂಡವರು ಮರೆಯುವುದಿಲ್ಲ. ಡಿಸ್ಕಿನ ಮೊದಲಲ್ಲೇ ಪುಟ್ಟದೊಂದು ಭಾಗ ಮಾಡಿ ಕರ್ನೆಲನ್ನು ಅಲ್ಲಿ ಇಡಬೇಕು ಎಂಬ ಉಪಾಯ ಬಾಯಿಂದ ಬಾಯಿಗೆ ಹರಡಿತು. ಯೂನಿಕ್ಸ್‌ ಪಿಸಿಯ ಒಡೆಯರು ಚಿಪ್‌ ಬದಲಿಸಿ ದಾಟಿದ ಗೋಡೆಯನ್ನು ನಮ್ಮವರು ಡಿಸ್ಕ್‌ ಪಾಲು ಮಾಡಿ ದಾಟಿದರು.

ಆಮೇಲೆ ಚಿತ್ರದ ಸರದಿ. ಎಕ್ಸ್‌ ವಿಂಡೋ ಎಂಬ ವ್ಯವಸ್ಥೆ ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಶುರುವಾಗಿ, 1987ರ ಹೊತ್ತಿಗೆ ಹನ್ನೊಂದನೆಯ ಆವೃತ್ತಿಗೆ ಬಂದಿತ್ತು. ಪಿಸಿಗೆ ಬಂದ ಅದರ ರೂಪ ಎಕ್ಸ್‌ಫ್ರೀ86. ಅದನ್ನು ಎಬ್ಬಿಸಲು ನಿಮ್ಮ ಗ್ರಾಫಿಕ್ಸ್‌ ಕಾರ್ಡ್‌ ಯಾವುದು, ಅದರ ಮೆಮೊರಿ ಎಷ್ಟು, ಮಾನಿಟರ್‌ ಸೆಕೆಂಡಿಗೆ ಎಷ್ಟು ಸಾವಿರ ಗೆರೆ ಎಳೆಯಬಲ್ಲದು ಎಂದು ನೀವೇ ಒಂದು ಕಡತದಲ್ಲಿ ಬರೆದುಕೊಡಬೇಕು. 640ಕ್ಕೆ 480 ಚುಕ್ಕಿಯ ಮಾಮೂಲು ಪರದೆಗೆ 31.5 ಕಿಲೋಹರ್ಟ್ಸ್‌. ಅಳತೆ ತಪ್ಪಿ ಬರೆದರೆ ಮಾನಿಟರ್‌ ಸುಟ್ಟೀತು ಎಂದು ಕೈಪಿಡಿಯಲ್ಲೇ ಎಚ್ಚರಿಕೆ ಇತ್ತು. ಸಾಲ ಮಾಡಿ ಮಾನಿಟರ್‌ ತಂದ ಮನೆಯ ಹುಡುಗ ಆ ಸಾಲನ್ನು ಬರೆಯುವಾಗ ಎಷ್ಟು ಸಲ ಯೋಚಿಸಿದ್ದಾನು! ಬರೆದು, ‘ಸ್ಟಾರ್ಟ್‌ಎಕ್ಸ್‌’ ಎಂದು ಒತ್ತಿ, ಪರದೆ ಒಂದು ಕ್ಷಣ ಕಪ್ಪಾಗಿ, ‘ಟಕ್‌’ ಎಂದು ಸದ್ದಾಗಿ, ಬೂದುಬಣ್ಣದ ನಡುವೆ ಕಪ್ಪು ಗುಣಿಸು ಗುರುತಿನ ಮೌಸ್‌ ಮೂಡಿದರೆ ಗೆದ್ದಂತೆ.

ಚುಕ್ಕಿಯ ಪರದೆ ಬಂದ ಮಾತ್ರಕ್ಕೆ ಕನ್ನಡ ಬರಲಿಲ್ಲ. ಯೂನಿಕೋಡ್‌ 1991ರಲ್ಲೇ ಕನ್ನಡಕ್ಕೆ ತನ್ನದೇ ಜಾಗ ಕೊಟ್ಟಿತ್ತು, ಇಸ್ಕಿಯ ಉಚ್ಚಾರದ ಕ್ರಮವನ್ನೇ ಉಳಿಸಿಕೊಂಡಿತ್ತು. ಸಂಕೇತಗಳನ್ನು ಓದಿ ಒತ್ತಕ್ಷರ ಕೂಡಿಸುವ ಲೆಕ್ಕವನ್ನು ಈಗ ತಂತ್ರಾಂಶ ಮಾಡಬೇಕಿತ್ತು. ಗ್ನೋಮ್‌, ಕೆಡಿಇ ಎಂಬ ಲಿನಕ್ಸ್‌ ಮೇಜುತೆರೆಗಳ ಮೆನುಗಳನ್ನು 2000ರ ದಶಕದಲ್ಲಿ ಸ್ವಯಂಸೇವಕರು ಕನ್ನಡಕ್ಕೆ ತಂದರು. ಆರಂಭದ ದಿನಗಳಲ್ಲಿ ಒತ್ತು ಅಕ್ಷರದ ಕೆಳಗೆ ಬಾರದೆ ಪಕ್ಕದಲ್ಲಿ ನಿಲ್ಲುತ್ತಿತ್ತು, ಅರ್ಕಾವತ್ತು ದಾರಿ ತಪ್ಪುತ್ತಿತ್ತು. ‘ರ್‍ಯಾಂಕ್‌’ ಎಂದು ಬರೆಯಲು ರ ಮತ್ತು ಯ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ತುರುಕಬೇಕಾದದ್ದು ಇಂದಿಗೂ ಮುಗಿದಿಲ್ಲ. ದೋಷ ಕಂಡಲ್ಲಿ ವರದಿ ಮಾಡಿ, ತಿದ್ದಿ, ಮತ್ತೆ ಪರೀಕ್ಷಿಸಿದ ಆ ಸ್ವಯಂಸೇವಕರ ಹೆಸರು ಯಾವ ಪ್ರಶಸ್ತಿಪಟ್ಟಿಯಲ್ಲೂ ಇಲ್ಲದಿರಬಹುದು. ಕನ್ನಡಕ್ಕೆ ಅವರು ಮಾಡಿದ್ದು ನಿಘಂಟು ಕಟ್ಟಿದಷ್ಟೇ ತೂಕದ ಕೆಲಸ.

ಇದೇ ಹೊತ್ತಿಗೆ ಬೆಂಗಳೂರು ತನ್ನದೇ ಯಂತ್ರವನ್ನು ಮುಂದಿಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್‌ ಚಂದ್ರು, ಸ್ವಾಮಿ ಮನೋಹರ್‌, ರಮೇಶ್‌ ಹರಿಹರನ್‌, ವಿ. ವಿನಯ್‌ ಮತ್ತು ಎನ್‌ಕೋರ್‌ ಸಂಸ್ಥೆಯ ವಿನಯ್‌ ದೇಶಪಾಂಡೆ ಹಾಗೂ ಸಂಗಡಿಗರು 2001ರ ಏಪ್ರಿಲ್‌ನಲ್ಲಿ ತೋರಿಸಿದ ಸಿಂಪ್ಯೂಟರ್‌ ಅಂಗೈಯಲ್ಲಿ ಹಿಡಿಯುವ ಲಿನಕ್ಸ್‌ ಗಣಕ. ಕೀಲಿಮಣೆ ಇಲ್ಲ, 320ಕ್ಕೆ 240 ಚುಕ್ಕಿಯ ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಕೆಲಸ. ತಿರುಗುವ ಡಿಸ್ಕ್‌ ಇಲ್ಲ, ಫ್ಲ್ಯಾಶ್‌ ಮೆಮೊರಿ. ಬರೆದದ್ದನ್ನು ಭಾರತೀಯ ಭಾಷೆಯಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶವೂ ಅದರೊಂದಿಗೆ ಬೆಳೆಯಿತು. ನನಗೆ ಅತಿ ಹೆಚ್ಚು ಹಿಡಿಸಿದ್ದು ಅದರ ಸ್ಮಾರ್ಟ್‌ ಕಾರ್ಡ್‌. ಒಂದು ಊರಿಗೆ ಒಂದೇ ಯಂತ್ರ ಸಾಕು, ಪ್ರತಿಯೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿ. ಬೆಂಗ್ರೆಯಂಥ ಊರನ್ನು ಕಣ್ಣಮುಂದಿಟ್ಟುಕೊಂಡು ಮಾಡಿದಂತಿತ್ತು ಆ ಯೋಚನೆ. 2004ರಲ್ಲಿ ಬಿಇಎಲ್‌ ತಯಾರಿಕೆಯಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಅದು ಮಾರಾಟಕ್ಕೂ ಬಂತು. ನಿರೀಕ್ಷಿಸಿದಷ್ಟು ಹೋಗಲಿಲ್ಲ. ಆದರೆ ಇವತ್ತು ಬೆಂಗ್ರೆಯ ದೋಣಿ ಹತ್ತಿದರೆ ಕೈಕೈಯಲ್ಲೂ ಆಂಡ್ರಾಯ್ಡ್‌ ಫೋನ್‌, ಅದರ ತಿರುಳು ಲಿನಕ್ಸ್‌. ತೋಟ ಬೆಂಗ್ರೆಯವರು ತುಳುವನ್ನೂ ಕಸ್ಬಾ ಬೆಂಗ್ರೆಯವರು ಬ್ಯಾರಿಯನ್ನೂ ಕನ್ನಡ ಅಕ್ಷರದಲ್ಲೇ ಬರೆದು ಕಳಿಸುತ್ತಾರೆ. 2024ರಲ್ಲಿ ಬಂದ ಯೂನಿಕೋಡ್‌ 16ರಲ್ಲಿ ತುಳು-ತಿಗಳಾರಿ ಲಿಪಿಗೂ ಸ್ಥಾನ ಸಿಕ್ಕಿದೆ.

ಇನ್ನು ಉಳಿದದ್ದು ಕಾದಿಟ್ಟುಕೊಳ್ಳುವ ಮಾತು. ನನಗೆ ಆತಂಕ ಇರುವುದು ಇಲ್ಲೇ.

ಕರಾವಳಿಯ ಗಾಳಿಗೆ ಲೋಹ ತಾಳುವುದಿಲ್ಲ. ಬೆಂಗ್ರೆಯಲ್ಲಿ ಎರಡೂ ಕಡೆ ನೀರು. ಕಿಟಕಿಯ ಸರಳಿನಿಂದ ಹಿಡಿದು ಫ್ಯಾನಿನ ರೆಕ್ಕೆಯವರೆಗೆ ಉಪ್ಪು ತಿನ್ನುತ್ತದೆ. ಬಂದರಿನ ಗುಜರಿ ಅಂಗಡಿಯೊಂದರಲ್ಲಿ ಐದೂಕಾಲು ಇಂಚಿನ ಹಳೆಯ ಹಾರ್ಡ್‌ ಡಿಸ್ಕೊಂದನ್ನು ಕೈಗೆತ್ತಿಕೊಂಡು ನೋಡಿದ್ದೇನೆ. ಇಟ್ಟಿಗೆಯಷ್ಟು ಭಾರ. ಅಂಚಿನ ಕನೆಕ್ಟರಿನ ಚಿನ್ನದ ಲೇಪ ಅಲ್ಲಲ್ಲಿ ಎದ್ದು ಒಳಗಿನ ತಾಮ್ರ ಹಸಿರುಗಟ್ಟಿತ್ತು. ಮುಚ್ಚಳದ ಮೇಲೆ ಸಣ್ಣದೊಂದು ಉಸಿರುಗಂಡಿ, ಅದರೊಳಗೆ ಸೋಸುವ ಹತ್ತಿ. “ಅದರಲ್ಲಿ ಎಂತದೂ ಇಲ್ಲ ಸರ್‌, ಅಲ್ಯುಮಿನಿಯಂ ಮಾತ್ರ” ಎಂದರು ಅಂಗಡಿಯವರು. ಅವರ ತಕ್ಕಡಿಗೆ ಅದು ಸರಿ. ಅದರ ತಟ್ಟೆಗಳ ಮೇಲೆ ಯಾರ ಬರಹ ಉಳಿದಿತ್ತೋ, ತೂಕದಲ್ಲಿ ಅದು ಸೇರುವುದಿಲ್ಲ.

ಫ್ಲಾಪಿಗಳ ಪಾಡು ಇನ್ನೂ ಕಷ್ಟ. ಒಂದು ಮಳೆಗಾಲ ಮುಚ್ಚಿದ ಕಪಾಟಿನಲ್ಲಿ ಉಳಿದರೆ ಸಾಕು, ಕಂದು ಹಾಳೆಯ ಮೇಲೆ ಬಿಳಿ ಬೂಷ್ಟು ವರ್ತುಲವರ್ತುಲವಾಗಿ ಏಳುತ್ತದೆ. ಹಾಗೇ ಡ್ರೈವಿಗೆ ತೂರಿಸಿದರೆ ಓದುವ ತಲೆ ಅದನ್ನು ಕೆರೆದು, ಕೆಳಗಿನ ಲೇಪವನ್ನೂ ಎಬ್ಬಿಸುತ್ತದೆ. ಯೂನಿಕ್ಸ್‌ ಯಂತ್ರಗಳ ಬ್ಯಾಕಪ್ಪಿಗೆ ಬಳಸುತ್ತಿದ್ದ ಕಾಲಿಂಚಿನ ಟೇಪುಗಳಲ್ಲಿ ಟೇಪು ಗಟ್ಟಿಯಿದ್ದರೂ ಡ್ರೈವಿನ ರಬ್ಬರ್‌ ಗಾಲಿ ಕರಗಿ ಅಂಟಾಗಿರುತ್ತದೆ.

ಬೂಷ್ಟನ್ನು ಗೆದ್ದು ಬೈಟ್‌ಗಳನ್ನು ತೆಗೆದರೂ ಕನ್ನಡದ ಕಡತಕ್ಕೆ ಇನ್ನೊಂದು ತೊಡಕಿದೆ. ಯೂನಿಕೋಡ್‌ ಬಳಕೆಗೆ ಬರುವ ಮುಂಚೆ ಒಂದೊಂದು ಫಾಂಟಿಗೆ ಒಂದೊಂದು ಸಂಕೇತ. ಇಸ್ಕಿಯ ವಿವೇಕವನ್ನು ಬಿಟ್ಟು, ಕಾಣುವ ತುಣುಕುಗಳನ್ನೇ ಡಿಸ್ಕಿಗೂ ಬರೆದಿಟ್ಟ ಕಾಲ ಅದು. ಆ ಫಾಂಟ್‌ ಇಲ್ಲದೆ ತೆರೆದರೆ ಕಾಣುವುದು ಅರ್ಥವಿಲ್ಲದ ಗುರುತುಗಳ ರಾಶಿ. ಹಾಗಾಗಿ ಡಿಸ್ಕಿನ ಜೊತೆಗೆ ಆ ಕಾಲದ ಫಾಂಟನ್ನೂ ಉಳಿಸಬೇಕು. ಜಾಗದ ಚಿಂತೆ ಈಗ ಇಲ್ಲ. ಇಸ್ಕಿಯಲ್ಲಿ ಏಳು ಬೈಟ್‌ ಹಿಡಿಯುತ್ತಿದ್ದ ‘ಲಕ್ಷ್ಮಣ’ ಇಂದಿನ ಯುಟಿಎಫ್‌-8ರಲ್ಲಿ 21 ಬೈಟ್‌ ತಿನ್ನುತ್ತದೆ, ಯಾರೂ ಗಮನಿಸುವುದೂ ಇಲ್ಲ.

ಓದುವ ಸಲಕರಣೆ ಈಗ ಇದೆ. ಫ್ಲಾಪಿಯ ಮೇಲಿನ ಕಾಂತದ ಏರಿಳಿತವನ್ನೇ ನೇರವಾಗಿ ದಾಖಲಿಸುವ ಗ್ರೀಸ್‌ವೀಝಲ್‌ ಎಂಬ ಪುಟ್ಟ ಬೋರ್ಡ್‌ ಯುಎಸ್‌ಬಿಗೆ ಜೋಡಣೆಯಾಗುತ್ತದೆ. ಯೂನಿಕ್ಸ್‌ ಪಿಸಿಯ ಕಾಲದ ಡಿಸ್ಕುಗಳನ್ನು ಓದಲು ಡೇವಿಡ್‌ ಗೆಸ್ವೈನ್‌ ಎಂಬವರು ಬೀಗಲ್‌ಬೋನ್‌ ಎಂಬ ಲಿನಕ್ಸ್‌ ಬೋರ್ಡಿನ ಮೇಲೆ ಸಲಕರಣೆ ಮಾಡಿ, ಅದರ ವಿವರವನ್ನೆಲ್ಲ ಬಹಿರಂಗವಾಗಿ ಕೊಟ್ಟಿದ್ದಾರೆ. ಹಳೆಯ ಡಿಸ್ಕ್‌ ಸತ್ತರೆ ಅದರ ಜಾಗದಲ್ಲಿ ತಾನೇ ಡಿಸ್ಕಿನಂತೆ ನಟಿಸಲೂ ಅದಕ್ಕೆ ಬರುತ್ತದೆ. ಫ್ರೀಬೀ ಎಂಬ ತಂತ್ರಾಂಶ ಯೂನಿಕ್ಸ್‌ ಪಿಸಿಯನ್ನೇ ಇಂದಿನ ಲಿನಕ್ಸ್‌ ಪರದೆಯ ಒಂದು ಕಿಟಕಿಯೊಳಗೆ ಎಬ್ಬಿಸುತ್ತದೆ. ಸ್ವಲ್ಪ ಹೊಸದಾದ ಐಡಿಇ ಡಿಸ್ಕುಗಳಿಗೆ ಒಂದು ಅಗ್ಗದ ಯುಎಸ್‌ಬಿ ಕೇಬಲ್‌ ಮತ್ತು ಲಿನಕ್ಸಿನ ಡಿಡಿರೆಸ್ಕ್ಯೂ ಸಾಕು. ಅದು ಕೆಟ್ಟ ಭಾಗವನ್ನು ಮೊದಲು ಹಾರಿಸಿ, ಚೆನ್ನಾಗಿರುವುದನ್ನೆಲ್ಲ ತೆಗೆದುಕೊಂಡು, ಆಮೇಲೆ ಹಿಂದಿರುಗಿ ಪ್ರಯತ್ನಿಸುತ್ತದೆ.

ಆದ್ದರಿಂದ ಕರಾವಳಿಯ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುದ್ರಣಾಲಯ, ಯಕ್ಷಗಾನ ಮೇಳ, ಸಹಕಾರ ಸಂಘ, ಶಾಲೆ, ಸಣ್ಣ ಪತ್ರಿಕೆ ನಡೆಸಿದ ಮನೆಗಳಲ್ಲಿ 1980, 90ರ ದಶಕದ ಫ್ಲಾಪಿ, ಡಿಸ್ಕ್‌, ಟೇಪು ಇದ್ದರೆ ಗುಜರಿಗೆ ಹಾಕಬೇಡಿ. ಬೂಷ್ಟು ಹಿಡಿದದ್ದನ್ನು ಡ್ರೈವಿಗೆ ತೂರಿಸಿ ಪರೀಕ್ಷಿಸಬೇಡಿ, ಬಲ್ಲವರ ಕೈಗೆ ಕೊಡಿ. ಜನರ ಖಾತೆಯ ವಿವರವಿರುವ ಡಿಸ್ಕಾದರೆ ಸಂಸ್ಥೆಗೇ ಹಿಂದಿರುಗಿಸಿ. ಸುತ್ತಮುತ್ತಲ ಇಂಜಿನಿಯರಿಂಗ್‌ ಕಾಲೇಜುಗಳು ಒಂದು ಮೇಜು, ಒಂದು ಲಿನಕ್ಸ್‌ ಯಂತ್ರ, ಈ ಎರಡು ಬೋರ್ಡುಗಳನ್ನು ಇಟ್ಟುಕೊಂಡರೆ ವಿದ್ಯಾರ್ಥಿಗಳೇ ಈ ಕೆಲಸ ಮಾಡಿಕೊಡಬಲ್ಲರು. ಡಿಸ್ಕಿನ ಜೊತೆ ಫಾಂಟಿನ ಫ್ಲಾಪಿಯೂ ಇದೆಯೇ ನೋಡಿ, ಅದರ ಮೇಲೆ ಅಂಟಿಸಿದ ಚೀಟಿಯ ಫೋಟೊ ತೆಗೆದಿಡಿ, ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಡಿ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಇದು ಆಗಲಿ.